ಬೀದರ್‌ಗೆ ಬಂದರೆ ಒಂದು ರಾತ್ರಿ ಉಳಿಯಿರಿ

'ಬೆಳಿಗ್ಗೆ ಹೈದರಾಬಾದಿನಿಂದ ಹೊರಟು ಬೀದರ್ ನೋಡ್ಕೊಂಡು ಸಂಜೆಗೆ ವಾಪಸ್ ಹೋಗಬಹುದಲ್ವಾ?' ಬೆಂಗಳೂರಿನ ಗೆಳೆಯರು ಕೇಳೋದೇ ಇದನ್ನು. ಹೋಗಬಹುದು. ಆದರೆ ಸಿಗೋದು ಒಂದು ಕೋಟೆ, ಒಂದಿಷ್ಟು ಫೋಟೋ ಅಷ್ಟೇ. ಬೆಂಗಳೂರಿನಿಂದ ನೇರ ರೈಲಿದೆ. ಎರಡು ಹಗಲು, ನಡುವೆ ಒಂದು ರಾತ್ರಿ ಇಟ್ಟುಕೊಂಡು ಬನ್ನಿ.

ಬರುವಾಗ ಉದ್ದದ ಪಟ್ಟಿ ತರಬೇಡಿ. ಇಲ್ಲಿ ಬಿಸಿಲು ಮತ್ತು ಹಸಿವು ನೋಡಿಕೊಂಡು ತಿರುಗಬೇಕು. ಬೆಳಿಗ್ಗೆ ಸುಸಲಾ (ಮಂಡಕ್ಕಿ ಒಗ್ಗರಣೆ), ಮಿರ್ಚಿ ತಿಂದು ನೇರ ಕೋಟೆಗೆ ನಡೀರಿ. ಕೋಟೆಯೊಳಗಿನ ರಂಗೀನ್ ಮಹಲ್ ಅನ್ನೋ ಅರಮನೆಗೆ ಬೀಗ ಬಿದ್ದಿದ್ದರೆ ಸುಮ್ನೆ ವಾಪಸ್ ಬರಬೇಡಿ, ಅಲ್ಲಿನ ಸಿಬ್ಬಂದಿಯನ್ನು ಕೇಳಿ ನೋಡಿ. ಒಳಗೆ ಕಪ್ಪು ಕಲ್ಲಿನಲ್ಲಿ ಮುತ್ತಿನ ಚಿಪ್ಪು ಕೂರಿಸಿದ್ದಾರೆ.

ಅದನ್ನು ನೋಡಿದ ಕಣ್ಣಲ್ಲೇ ಬಿದರಿ ಕೆಲಸ ನೋಡಬೇಕು. ಶೋರೂಮಿನಲ್ಲಲ್ಲ, ಕೆಲಸಗಾರರು ಕೂತು ಕೆತ್ತುವ ಜಾಗದಲ್ಲಿ. ಸತು, ತಾಮ್ರ ಬೆರೆಸಿ ಎರಕ ಹೊಯ್ದ ಹೂಜಿಯ ಮೇಲೆ ಉಳಿಯಿಂದ ಬಳ್ಳಿ ಕೊರೆದು, ಆ ಗೆರೆಯೊಳಗೆ ಬೆಳ್ಳಿ ತಂತಿ ಬಡಿದು ಕೂರಿಸುತ್ತಾರೆ. ಕೊನೆಗೆ ಕೋಟೆಯ ಹಳೇ ಮಣ್ಣು, ನವಸಾಗರ ಅನ್ನೋ ಉಪ್ಪು ಕಲಸಿ ಉಜ್ಜುತ್ತಾರೆ. ಹೂಜಿ ಪೂರ್ತಿ ಕಪ್ಪಾಗುತ್ತೆ, ಬೆಳ್ಳಿ ಮಾತ್ರ ಬೆಳ್ಳಗೇ ಉಳಿಯುತ್ತೆ. ಮಣ್ಣನ್ನು ನಾಲಿಗೆಗೆ ಹಚ್ಚಿ ನೋಡಿ ಆರಿಸುವವರೂ ಇದ್ದಾರೆ. ಇಷ್ಟು ನೋಡಿದ ಮೇಲೆ ಚೌಕಾಸಿ ಮಾಡೋಕೆ ನಿಮಗೇ ಮನಸ್ಸು ಬರಲ್ಲ.

ಮಧ್ಯಾಹ್ನ ಖಾನಾವಳಿ. ಬಿಸಿ ಜೋಳದ ರೊಟ್ಟಿ, ಪುಂಡಿ ಪಲ್ಯ, ಶೇಂಗಾ ಹಿಂಡಿ, ಹಸಿ ಉಳ್ಳಾಗಡ್ಡಿ, ಮೊಸರು. 'ಇನ್ನೊಂದು ಹಾಕ್ಲೇನ್ರಿ?' ಅಂತ ಕೇಳುವಷ್ಟರಲ್ಲೇ ರೊಟ್ಟಿ ತಟ್ಟೆಗೆ ಬಿದ್ದಿರುತ್ತೆ. ಇಲ್ಲಿಗೆ ಬಂದು ನಾರ್ತ್ ಇಂಡಿಯನ್ ಥಾಲಿ ಹುಡುಕುವವರನ್ನು ಕಂಡರೆ ನನಗೆ ನಿಜವಾಗ್ಲೂ ಸಿಟ್ಟು ಬರುತ್ತೆ. ರಾತ್ರಿಗೆ ಬಿರಿಯಾನಿ ಇದ್ದೇ ಇದೆ. ಸಿಖ್ಖರ ಗುರುದ್ವಾರ ನಾನಕ್ ಝೀರಾದ ಲಂಗರ್‌ನಲ್ಲೂ (ಎಲ್ಲರಿಗೂ ಉಚಿತ ಪಂಕ್ತಿ ಊಟ) ಒಂದು ಹೊತ್ತು ಕೂತು ಉಣ್ಣಿ.

ಬಹಮನಿ ಮಂತ್ರಿ ಮಹಮೂದ್ ಗವಾನನ 1472ರ ಮದರಸಾ ಊರೊಳಗೇ ಇದೆ, ಯಾವಾಗ ಬೇಕಾದರೂ ಆಗುತ್ತೆ. ಸಂಜೆಯನ್ನು ಊರ ಹೊರಗಿನ ಅಷ್ಟೂರಿಗೇ ಇಡಿ. ಅಲ್ಲಿ ಅಹಮದ್ ಶಾನ ಸಮಾಧಿ ಇದೆ. ಕಲಬುರಗಿಯಿಂದ ರಾಜಧಾನಿಯನ್ನು ಬೀದರ್‌ಗೆ ತಂದ ಬಹಮನಿ ಸುಲ್ತಾನ ಇವನೇ. ಮುಸ್ಲಿಮರಿಗೆ ವಲಿ, ಅಂದ್ರೆ ಸಂತ; ಇಲ್ಲಿನ ಹಿಂದೂಗಳಿಗೆ ಅಲ್ಲಮಪ್ರಭು. ಉರುಸಿಗೆ ಮಾಡ್ಯಾಳದಿಂದ ಜಂಗಮರು ಬರ್ತಾರೆ. ಗುಮ್ಮಟದ ಒಳಗಿನ ಬಣ್ಣ ಕಣ್ಣಿಗೆ ಹತ್ತಲು ಕತ್ತಲಿಗೆ ಸ್ವಲ್ಪ ಒಗ್ಗಬೇಕು. ಅವಸರದವರಿಗೆ ಅದು ಕಾಣೋದೇ ಇಲ್ಲ.

ತಿಂಗಳು ಯಾವುದು ಅಂದ್ರೆ, ಚಳಿಗಾಲ. ಅದರಲ್ಲೂ ಎಳ್ಳಮಾವಾಸ್ಯೆ ಹತ್ತಿರ ಬಂದರೆ ಇನ್ನೂ ಒಳ್ಳೇದು. ಆ ದಿನ ಹಸಿ ಕಾಳು, ಸೊಪ್ಪು ಹಾಕಿ ಮಾಡುವ ಭಜ್ಜಿ, ಸಜ್ಜೆ ರೊಟ್ಟಿ ಹೋಟೆಲ್ಲಿನಲ್ಲಿ ಸಿಗೋ ಊಟವಲ್ಲ. ಅದಕ್ಕೆ ಪರಿಚಯದವರ ಹೊಲಕ್ಕೇ ಹೋಗಬೇಕು. ಗುರುತಿನವರು ಇದ್ದರೆ ಈಗಲೇ ಫೋನ್ ಮಾಡಿಡಿ, ಇಲ್ಲದಿದ್ದರೆ ಆ ದಿನ ಬಿಟ್ಟು ಬನ್ನಿ. ಊರಿನ ಅರ್ಧ ಜನ ಹೊಲದಲ್ಲೇ ಇರ್ತಾರೆ.