ಬಚ್ಚಲಲ್ಲೊಂದು ಮುಳ್ಳಯ್ಯನಗಿರಿ

ಭೋಪಾಲದ ಆ ಸೇತುವೆ ನೆನಪಿದೆ ಅಲ್ವಾ? ಐಶ್‌ಬಾಗ್ ರೈಲ್ವೆ ಮೇಲ್ಸೇತುವೆ. 2025ರ ಜೂನ್‌ನಲ್ಲಿ ಅದರ ಫೋಟೊ ಬರದ ವಾಟ್ಸಾಪ್ ಗುಂಪೇ ಇರಲಿಲ್ಲ. ಸುಮಾರು 18 ಕೋಟಿ ಸುರಿದು ಕಟ್ಟಿದ ಸೇತುವೆ ನೆಟ್ಟಗೆ ಹೋಗಿ ಹೋಗಿ, ಏನೋ ಮರೆತವರಂತೆ ಗಕ್ಕನೆ ಪಕ್ಕಕ್ಕೆ ತಿರುಗಿಬಿಡುತ್ತದೆ. ‘90 ಡಿಗ್ರಿ ಸೇತುವೆ’ ಅಂತ ದೇಶವೆಲ್ಲ ನಕ್ಕಿತು. ಏಳು ಎಂಜಿನಿಯರುಗಳು ಸಸ್ಪೆಂಡ್ ಆದರು. ಆಮೇಲೆ ವಿಷಯ ಹೈಕೋರ್ಟಿಗೆ ಹೋಯಿತು. ತಜ್ಞರೊಬ್ಬರು ಅಳೆದು ನೋಡಿ, ಇದು 90 ಅಲ್ಲವೇ ಅಲ್ಲ, 118-119 ಡಿಗ್ರಿ ಇದೆ ಎಂದು ವರದಿ ಕೊಟ್ಟರು.

ನಾನೂ ಆಗ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದೆ. ಈಗ ನಗುವುದಿಲ್ಲ. ಆರು ತಿಂಗಳ ಹಿಂದೆ ನಮ್ಮ ಬಚ್ಚಲಿಗೆ ಹೊಸ ಟೈಲ್ಸ್ ಹಾಕಿಸಿದೆ. ಐದಡಿಗೆ ಎಂಟಡಿ ಜಾಗ. ನಾಲ್ಕು ಮೂಲೆ. ಮಗಳ ಕಂಪಾಸ್ ಬಾಕ್ಸಿನಿಂದ ಕೋನಮಾಪಕ ತಂದು ಇಟ್ಟು ನೋಡಿದೆ. ಒಂದು ಮೂಲೆಯೂ 90 ಇಲ್ಲ. ಭೋಪಾಲದಲ್ಲೂ ಇಲ್ಲ, ನಮ್ಮ ಮನೆಯಲ್ಲೂ ಇಲ್ಲ ಅಂದ ಮೇಲೆ ಈ ದೇಶದ 90 ಡಿಗ್ರಿಗಳೆಲ್ಲ ಎಲ್ಲಿಗೆ ಹೋದವು ಅಂತ ಯಾರಾದರೂ ತನಿಖೆ ಮಾಡಿಸಬೇಕು.

ತಪ್ಪು ನನ್ನದೇ ಅನ್ನಿ. ಮೂವರು ಬಂದು ರೇಟು ಹೇಳಿದ್ದರು. ಮೊದಲನೆಯವರು ವಯಸ್ಸಾದ ಮೇಸ್ತ್ರಿ. ಚೀಲದಿಂದ ರಸಮಟ್ಟ ತೆಗೆದು ನೆಲದ ಮೇಲಿಟ್ಟರು. ಒಂದು ಚೊಂಬು ನೀರು ಕೇಳಿ ಇಸಿದುಕೊಂಡರು. ಕುಡಿಯೋಕೆ ಅಂದುಕೊಂಡೆ. ಅವರು ಅದನ್ನು ನೆಲಕ್ಕೆ ಸುರಿದು, ಎತ್ತ ಹೋಗುತ್ತದೆ ಅಂತ ಕುಕ್ಕರಗಾಲಲ್ಲಿ ಕೂತು ನೋಡಿದರು. ಆಮೇಲೆ ಚದರಡಿಗೆ 60 ರೂಪಾಯಿ ಅಂದರು. ಎರಡನೆಯವನು 45 ಅಂದ. ಮೂರನೆಯವನು ಕಂಟ್ರಾಕ್ಟರ್. ಕಿವಿಯಲ್ಲಿ ಬ್ಲೂಟೂತ್. ಬಚ್ಚಲ ಬಾಗಿಲಿಗೂ ಬರಲಿಲ್ಲ. ಬೈಕಿನ ಮೇಲೆ ಕೂತೇ ಹೇಳಿದ: “25 ಮಾಡ್ಕೊಡ್ತೀನಿ ಸಾರ್. ನಿಮಗೋಸ್ಕರ.”

ನನ್ನ ಮುಖ ನೋಡಿದ್ದು ಅದೇ ಮೊದಲು. ಆದರೂ ‘ನಿಮಗೋಸ್ಕರ’ ಅಂದನಲ್ಲ, ಕರಗಿಹೋದೆ. ಕ್ಯಾಲೆಂಡರ್ ಹಿಂದೆ ಲೆಕ್ಕ ಹಾಕಿದೆ. ಗೋಡೆ, ನೆಲ ಸೇರಿ 220 ಚದರಡಿ. ಅಡಿಗೆ 35 ಉಳಿದರೆ 7,700 ರೂಪಾಯಿ. ಹೆಂಡತಿಗೆ ತೋರಿಸಿದೆ. “ನಿಮ್ಮಿಷ್ಟ” ಅಂದಳು. ಮದುವೆಯಾಗಿ ಇಷ್ಟು ವರ್ಷವಾದ ಮೇಲೂ ಆ ಮಾತಿನ ಅರ್ಥ ನನಗೆ ಗೊತ್ತಾಗಬೇಕಿತ್ತು.

ನಮ್ಮ ಸರ್ಕಾರ ಕಡಿಮೆ ರೇಟಿನವನಿಗೇ ಟೆಂಡರ್ ಕೊಡುತ್ತದೆ ಅಂತ ನಾವು ದಿನಾ ಬೈಯುತ್ತೇವೆ. ಮಳೆಗಾಲದಲ್ಲಿ ಫುಟ್‌ಪಾತಿನ ಕಲ್ಲು ತುಳಿದರೆ ಅಡಿಯಿಂದ ಪಿಚಕಾರಿಯಂತೆ ಕೆಸರು ಹಾರಿ ಪ್ಯಾಂಟಿಗೆ ಬಡಿದಾಗಲೆಲ್ಲ ನಾನೂ ಬೈದಿದ್ದೇನೆ. ಆದರೆ ಒಂದು ಮಾತು. ಕರ್ನಾಟಕದಲ್ಲಿ ಇದಕ್ಕೆಂದೇ 1999ರ ಪಾರದರ್ಶಕತೆ ಕಾಯ್ದೆ ಇದೆ. ಟೆಂಡರ್ ಹಾಕಿದವನಿಗೆ ಅರ್ಹತೆ ಇದೆಯೇ ಅಂತ ನೋಡಿ, ಆಮೇಲೆ ಬೆಲೆ ನೋಡಬೇಕು ಅನ್ನುವುದು ಅದರ ಲೆಕ್ಕ. ಕಾಗದದ ಮೇಲಾದರೂ ಸರಿ, ಸರ್ಕಾರ ಅಷ್ಟು ಕೇಳುತ್ತದೆ. ನಾನು ಅದನ್ನೂ ಕೇಳಲಿಲ್ಲ. “ಇದಕ್ಕೆ ಮುಂಚೆ ಎಲ್ಲಿ ಟೈಲ್ಸ್ ಹಾಕಿದ್ದೀಯಪ್ಪಾ?” ಅನ್ನುವ ಒಂದೇ ಒಂದು ಪ್ರಶ್ನೆ.

ಕೇಳಿದ್ದರೆ ಗೊತ್ತಾಗುತ್ತಿತ್ತು. ಕೆಲಸಕ್ಕೆ ಬಂದದ್ದು ಕಂಟ್ರಾಕ್ಟರ್ ಅಲ್ಲ, ಹತ್ತೊಂಬತ್ತರ ಒಬ್ಬ ಹುಡುಗ. ಹಿಂದಿನ ತಿಂಗಳವರೆಗೆ ಕೋಳಿ ಅಂಗಡಿಯಲ್ಲಿದ್ದನಂತೆ. ಟೈಲ್ಸ್ ಕತ್ತರಿಸುವ ಕೈ ನೋಡಿದಾಗಲೇ ಅನುಮಾನ ಬಂದಿತ್ತು.

ಟೈಲ್ಸ್ ನಡುವೆ ಸಂದು ಸಮನಾಗಿ ಬರಲಿ ಅಂತ ಪ್ಲಾಸ್ಟಿಕ್ಕಿನ ಸ್ಪೇಸರ್ ಸಿಗುತ್ತದೆ. ಎರಡು ಮಿಲಿಮೀಟರ್, ಮೂರು ಮಿಲಿಮೀಟರ್, ಪ್ಯಾಕೆಟ್ಟಿನಲ್ಲಿ ನೂರಾರು. ನಮ್ಮಲ್ಲಿ ಆ ಜಾಗಕ್ಕೆ ಬೆಂಕಿಕಡ್ಡಿ ಬಂತು. ಬೆಂಕಿಕಡ್ಡಿ ಮುಗಿದ ಮೇಲೆ ರಟ್ಟಿನ ಚೂರು. ರಟ್ಟು ಮುಗಿದ ಮೇಲೆ ಅಂದಾಜು. ಹೀಗಾಗಿ ಬಾಗಿಲ ಹತ್ತಿರ ಸೂಜಿಯಷ್ಟು ಸಣ್ಣಗೆ ಶುರುವಾದ ಸಂದು ಕಿಟಕಿ ಹತ್ತಿರ ಹೋಗುವಷ್ಟರಲ್ಲಿ ಕಿರುಬೆರಳಷ್ಟು ದಪ್ಪ. ಬೇರೆ ಬೇರೆ ಕಡೆ ಹುಟ್ಟಿದ ಎರಡು ಸಂದುಗಳು ಕೂಡಲಿಯಲ್ಲಿ ತುಂಗೆ ಭದ್ರೆ ಸೇರುವ ಹಾಗೆ ಕಮೋಡಿನ ಹಿಂದೆ ಬಂದು ಒಂದಾಗುತ್ತವೆ. ಭಕ್ತಿ ಇದ್ದವರು ಅಲ್ಲೇ ಮುಳುಗು ಹಾಕಬಹುದು.

ಡಾಲ್ಫಿನ್ ವಿಷಯಕ್ಕೆ ಬರುತ್ತೇನೆ. ಸಮುದ್ರದಿಂದ ಎಷ್ಟೇ ದೂರವಿದ್ದರೂ ನಮ್ಮ ಬಚ್ಚಲಿಗೆ ಡಾಲ್ಫಿನ್ ಚಿತ್ರವೇ ಯಾಕೆ ಬೇಕು ಅಂತ ನನಗೆ ಗೊತ್ತಿಲ್ಲ. ಶೋರೂಮಿನವನು ತೋರಿಸಿದ, ಮಗಳು ಕುಣಿದಳು, ತಂದೆವು. ಮೂರು ಟೈಲ್ಸ್ ಸೇರಿದರೆ ಒಂದು ಡಾಲ್ಫಿನ್. ತಲೆ, ಹೊಟ್ಟೆ, ಬಾಲ. ಹುಡುಗ ಅದನ್ನು ಹಾಕಿದ ದಿನ ನಾನು ಆಫೀಸಿಗೆ ಹೋಗಿದ್ದೆ. ಸಂಜೆ ಬಂದು ನೋಡಿದರೆ ತಲೆ ಗೀಸರ್ ಕೆಳಗೆ. ಪಕ್ಕದಲ್ಲಿ ಒಂದು ಬಿಳಿ ಟೈಲ್ಸ್. ಆಮೇಲೆ ಹೊಟ್ಟೆ. ಬಾಲ ಎದುರುಗೋಡೆಯಲ್ಲಿ, ಅದೂ ತಲೆಕೆಳಗು. ಸ್ನಾನಕ್ಕೆ ನಿಂತರೆ ಎಡಗಡೆಯಿಂದ ಡಾಲ್ಫಿನ್ ನನ್ನನ್ನು ನೋಡಿ ನಗುತ್ತದೆ, ಬಲಗಡೆಯಿಂದ ಅದರ ಬಾಲ ಹಾದುಹೋಗುತ್ತದೆ. ನಡುವಿನ ಐದಡಿಯಷ್ಟು ಡಾಲ್ಫಿನ್ ನನ್ನ ಮೂಲಕವೇ ಈಜುತ್ತಿರಬೇಕು. “ಇದೇನಪ್ಪಾ?” ಅಂತ ಕಂಟ್ರಾಕ್ಟರನ್ನು ಕೇಳಿದೆ. “ಡಿಸೈನ್ ಸಾರ್. ಈಗ ಇದೇ ನಡೀತಿರೋದು” ಅಂದ. ನಾನು ನಂಬಿದೆ. ಒಂದು ಕ್ಷಣ, ದೇವರಾಣೆ, ನಂಬಿದೆ.

ಆ ಟೈಲ್ಸ್ ಪಾಡು ನೆನೆಸಿಕೊಂಡರೆ ಅಯ್ಯೋ ಅನ್ನಿಸುತ್ತದೆ. ನಮ್ಮಲ್ಲಿ ಸಿಗುವ ಬಹುಪಾಲು ಟೈಲ್ಸ್ ಬರುವುದು ಗುಜರಾತಿನ ಮೊರ್ಬಿಯಿಂದ. ಅಲ್ಲಿಂದ ಮೈಸೂರಿಗೆ ಸಾವಿರದೈನೂರು ಕಿಲೋಮೀಟರಿಗೂ ಜಾಸ್ತಿ. ಅಷ್ಟು ದೂರ, ಎಷ್ಟೋ ಹಂಪು, ಎಷ್ಟೋ ಗುಂಡಿ. ಬಾಕ್ಸಿನೊಳಗೆ ಒಂದೂ ಬಿರುಕು ಬಿಡದೆ ಬಂದಿದ್ದವು. ಒಡೆದದ್ದು ನಮ್ಮ ಪಡಸಾಲೆಯಿಂದ ಬಚ್ಚಲಿಗೆ ಹೋಗುವ ಕೊನೆಯ ಹತ್ತಡಿಯಲ್ಲಿ.

ಇನ್ನು ವಾಟ. ಇಳಿಜಾರಿಗೆ ಮೇಸ್ತ್ರಿಗಳು ಹೇಳುವ ಹೆಸರು. ಬಚ್ಚಲ ನೆಲ ಮೀಟರಿಗೆ ಒಂದು ಸೆಂಟಿಮೀಟರಿನಷ್ಟಾದರೂ ಇಳಿಯಬೇಕು, ಎಲ್ಲ ಕಡೆಯಿಂದಲೂ ಜಾಲರಿಯ ಕಡೆಗೆ. ಇದಕ್ಕೆ ಯಾವ ಡಿಗ್ರಿಯೂ ಬೇಡ. ನೀರು ಕೆಳಕ್ಕೆ ಹರಿಯುತ್ತದೆ ಅನ್ನುವುದು ಗೊತ್ತಿದ್ದರೆ ಸಾಕು. ಕರ್ನಾಟಕದ ಅತಿ ಎತ್ತರದ ಜಾಗ ಮುಳ್ಳಯ್ಯನಗಿರಿ ಅಂತ ಶಾಲೆಯಲ್ಲಿ ಓದಿದ್ದೆವು. ನಮ್ಮ ಬಚ್ಚಲಿನ ಮುಳ್ಳಯ್ಯನಗಿರಿ ಅಂದರೆ ಆ ಜಾಲರಿ, ಪ್ಲಂಬರುಗಳು ನಹಾನಿ ಟ್ರ್ಯಾಪ್ ಅನ್ನುತ್ತಾರಲ್ಲ, ಅದೇ. ನೀರು ಅದರ ಹತ್ತಿರವೂ ಸುಳಿಯುವುದಿಲ್ಲ. ಎಲ್ಲ ದಿಕ್ಕಿನಿಂದಲೂ ಬಾಗಿಲಿಗೆ ಬಂದು, ಹೊಸ್ತಿಲು ದಾಟಿ, ಮಲಗುವ ಕೋಣೆಯ ಕಾಲೊರಸು ನೆನೆಸುತ್ತದೆ. ಅದಕ್ಕೇ ಮನೆಯ ಪ್ರತಿಯೊಬ್ಬರೂ ಸ್ನಾನ ಮುಗಿಸಿ, ಮೈ ಒರೆಸುವ ಮೊದಲು, ವೈಪರ್ ಹಿಡಿದು ನೀರನ್ನು ಬೆಟ್ಟ ಹತ್ತಿಸಬೇಕು. ಅದು ಹತ್ತುತ್ತದೆ, ನಾವು ತಿರುಗಿದ ತಕ್ಷಣ ಇಳಿಯುತ್ತದೆ. ಸ್ನಾನ ಐದು ನಿಮಿಷ, ವೈಪರ್ ಹತ್ತು ನಿಮಿಷ. ಬೆವರು ಬಂದು ಮತ್ತೆ ಸ್ನಾನ ಬೇಕೆನಿಸುತ್ತದೆ.

ನಮ್ಮಜ್ಜಿ ಮನೆಯ ಬಚ್ಚಲು ನೆನಪಾಗುತ್ತದೆ. ಹಾಸನದ ಕಡೆ ಒಂದು ಹಳ್ಳಿ. ಒಲೆಯ ಮೇಲೆ ತಾಮ್ರದ ಹಂಡೆ, ಮಸಿ ಹಿಡಿದ ಗೋಡೆ, ಕಾಲಿಟ್ಟರೆ ತಣ್ಣಗೆ ಕೊರೆಯುವ ದೊಡ್ಡದೊಂದು ಕಲ್ಲುಚಪ್ಪಡಿ. ಆ ಕಲ್ಲಿನ ಮೂಲೆಯಲ್ಲಿ ಕೈಯಲ್ಲಿ ಕೊರೆದ ಸಣ್ಣ ತೂತು. ಎರಡು ಹಂಡೆ ನೀರು ಹುಯ್ದುಕೊಂಡರೂ ಗುಳುಗುಳು ಅಂತ ತೂತಿಗೇ ಹೋಗಿ, ಹಿತ್ತಲ ಬಾಳೆಬುಡ ಸೇರುತ್ತಿತ್ತು. ನಾವು ಮಕ್ಕಳು ಇಲ್ಲಿ ಕಾಗದದ ದೋಣಿ ಬಿಟ್ಟು ಹಿತ್ತಲಿಗೆ ಓಡುತ್ತಿದ್ದೆವು, ಅದು ಅಲ್ಲಿ ಬರುತ್ತದೆ ಅಂತ. ಒಂದು ಸಲವೂ ಬರಲಿಲ್ಲ, ಆ ಮಾತು ಬೇರೆ. ಚಪ್ಪಡಿ ಹಾಕಿದವರು ರುಜು ಹಾಕೋಕೂ ಹೆಬ್ಬೆಟ್ಟು ಒತ್ತುತ್ತಿದ್ದರು ಅಂತ ಅಜ್ಜಿ ಹೇಳುತ್ತಿದ್ದಳು. ಅವರಿಗೆ ಲೇಸರ್ ಲೆವೆಲ್ ಇರಲಿಲ್ಲ. ಬ್ಲೂಟೂತೂ ಇರಲಿಲ್ಲ.

ಅಲ್ಲಿ ನೀರು ಬಾಳೆಗೆ ಹೋಗುತ್ತಿತ್ತು. ಇಲ್ಲಿ ಟೈಲರ್ ಅಂಗಡಿಗೆ ಹೋಗುತ್ತದೆ. ನಮ್ಮ ಬಚ್ಚಲ ಕೆಳಗೆ ಒಂದು ಬಾಡಿಗೆ ಅಂಗಡಿ ಇದೆ. ಹಳೆ ನೆಲ ಅಗೆಯುವಾಗ ಅದರಡಿಯ ವಾಟರ್‌ಪ್ರೂಫಿಂಗ್ ಪದರವೂ ಎದ್ದು ಬಂತು. ಮತ್ತೆ ಹಾಕಿ, ಬಚ್ಚಲಲ್ಲಿ ನೀರು ಕಟ್ಟಿ ಒಂದು ದಿನ ಬಿಟ್ಟು ಸೋರುತ್ತದೆಯೇ ಅಂತ ನೋಡಿ, ಆಮೇಲೆ ಟೈಲ್ಸ್ ಹಾಕುವುದು ಪದ್ಧತಿ. “ಟೈಲ್ಸೇ ವಾಟರ್‌ಪ್ರೂಫ್ ಅಲ್ವಾ ಸಾರ್” ಅಂದುಬಿಟ್ಟ ಕಂಟ್ರಾಕ್ಟರ್. ಟೈಲ್ಸ್ ವಾಟರ್‌ಪ್ರೂಫ್ ಇರಬಹುದು. ಅದರ ಸಂದುಗಳು? ಹದಿನೈದು ದಿನಕ್ಕೆ ಟೈಲರ್ ಮೇಲೆ ಬಂದರು. ಯಾರದೋ ಮದುವೆಯ ರೇಷ್ಮೆ ರವಿಕೆ ಪೀಸಿನ ಮೇಲೆ ನಮ್ಮ ಬಚ್ಚಲು ತೊಟ್ಟಿಕ್ಕಿತ್ತು. ಈಗ ನಮ್ಮಿಬ್ಬರ ನಡುವೆ ಕಾವೇರಿ ವಿವಾದ. ಒಂದೇ ವ್ಯತ್ಯಾಸ. ಬಿಳಿಗುಂಡ್ಲುವಿನ ಆಚೆಯವರು ನೀರು ಬಿಡಿ ಅಂತಾರೆ, ಇವರು ಬಿಡಬೇಡಿ ಅಂತಾರೆ. ಸುಪ್ರೀಂ ಕೋರ್ಟು 2018ರಲ್ಲಿ ತಮಿಳುನಾಡಿಗೆ ವರ್ಷಕ್ಕೆ 177.25 ಟಿಎಂಸಿ ಅಂತ ಗೊತ್ತು ಮಾಡಿತು. ಇಲ್ಲಿ ನಾವು ಅಳೆಯದೆ ಬಿಡುತ್ತಿದ್ದೇವೆ. ಬಾಡಿಗೆ ಕೇಳುವ ಧೈರ್ಯ ಎರಡು ತಿಂಗಳಿಂದ ನನಗಿಲ್ಲ.

ಗೋಡೆಗೆ ಬೆರಳಲ್ಲಿ ತಟ್ಟಿದರೆ ಡೊಳ್ಳಿನ ಸದ್ದು. ಇದಕ್ಕೂ ಕಾರಣ ಇದೆ. ಈಗಿನ ವಿಟ್ರಿಫೈಡ್ ಟೈಲ್ಸ್ ನೀರು ಹೀರುವುದೇ ಇಲ್ಲ ಅನ್ನಬೇಕು, ನೂರಕ್ಕೆ ಅರ್ಧ ಪಾಲೂ ಇಲ್ಲ. ಹೀರದ ಮೇಲೆ ಬರೀ ಸಿಮೆಂಟ್ ಹಾಲು ಅದನ್ನು ಕಚ್ಚಿ ಹಿಡಿಯುವುದಿಲ್ಲ. ಅದಕ್ಕೆಂದೇ ಅಂಟು ಬರುತ್ತದೆ. ಬಾಚಣಿಗೆಯಂಥ ಹಲ್ಲಿರುವ ಕರಣೆಯಲ್ಲಿ ಗೋಡೆ ತುಂಬ ಬಳಿಯಬೇಕು. ಅಂಟಿನ ಮೂಟೆಗೆ ನಾನು ದುಡ್ಡು ಕೊಟ್ಟಿದ್ದೆ, ಮೂಟೆ ಬಂದದ್ದೂ ನಿಜ. ಅದು ಯಾರ ಮನೆ ಗೋಡೆಯಲ್ಲಿದೆಯೋ ಗೊತ್ತಿಲ್ಲ. ನಮ್ಮ ಟೈಲ್ಸ್ ಹಿಂದೆ ಇರುವುದು ನಾಲ್ಕು ಮೂಲೆಗೆ ನಾಲ್ಕು, ನಡುವೆ ಒಂದು, ಹೀಗೆ ಐದು ಸಿಮೆಂಟ್ ಮುದ್ದೆ. ಬಸ್ಸಾರು ಒಂದು ಇಲ್ಲ. ಮೊನ್ನೆ ರಾತ್ರಿ ಎರಡು ಗಂಟೆಗೆ ದಢಾರ್ ಅಂತ ಒಂದು ಟೈಲ್ಸ್ ಬಿತ್ತು. ಕಳ್ಳ ಬಂದ ಅಂತ ಎದ್ದೆವು. ಆಗಲೇ ಬಂದು ಹೋಗಿದ್ದನಲ್ಲ.

ನೆಲಕ್ಕೆ ಅಂತ ಒರಟು ಟೈಲ್ಸ್ ಬೇರೆ ತಂದುಕೊಟ್ಟಿದ್ದೆ. ನಾಲ್ಕು ಒಡೆದವು, ಕಡಿಮೆ ಬಿತ್ತು. ನನಗೆ ಹೇಳಲಿಲ್ಲ. ಬಾಗಿಲ ಹತ್ತಿರ ಗೋಡೆಯ ನುಣುಪು ಟೈಲ್ಸನ್ನೇ ನೆಲಕ್ಕೆ ಹಾಕಿ ಹೋಗಿದ್ದಾರೆ. ನೀರೆಲ್ಲ ಬಂದು ನಿಲ್ಲುವುದೂ ಅಲ್ಲೇ. ನಮ್ಮಮ್ಮನಿಗೆ 74. ಹೋದ ತಿಂಗಳು ಅಲ್ಲಿ ಜಾರಿದರು. ಬಾಗಿಲ ಚೌಕಟ್ಟು ಕೈಗೆ ಸಿಕ್ಕಿತು, ಮೊಣಕೈ ತರಚಿ ಅಷ್ಟಕ್ಕೇ ಹೋಯಿತು. ಆವತ್ತಿನಿಂದ ಅವರು ಚಿಲಕ ಹಾಕುವುದಿಲ್ಲ. ಕದ ಅರ್ಧ ತೆರೆದು, ಸೊಸೆಯನ್ನು ಹೊರಗೆ ನಿಲ್ಲಿಸಿಕೊಂಡು ಸ್ನಾನ ಮಾಡುತ್ತಾರೆ. ಅಪ್ಪನೂ ಅವರೂ ಒಂದೊಂದು ಇಟ್ಟಿಗೆ ಲೆಕ್ಕ ಹಾಕಿ ಕಟ್ಟಿಸಿದ ಮನೆ ಇದು. ಅದರಲ್ಲಿ ಅವರಿಗೆ ಮರ್ಯಾದೆಯಿಂದ ಸ್ನಾನ ಮಾಡುವ ಹಾಗಿಲ್ಲ. ನಾನು 7,700 ಉಳಿಸಿದೆ.

ಹುಡುಗನ ಮೇಲೆ ನನಗೆ ಸಿಟ್ಟಿಲ್ಲ. ಅವನಿಗೆ ಯಾರೂ ಹೇಳಿಕೊಟ್ಟಿಲ್ಲ. ನನ್ನ 25 ರೂಪಾಯಿಯಲ್ಲಿ ಅವನ ಕೈಗೆ ಎಷ್ಟು ಸೇರಿತೋ. ಬೈಕಿನ ಮೇಲಿನವನಿಗೆ ಆವತ್ತು ಹನ್ನೊಂದು ಸಲ ಫೋನ್ ಮಾಡಿದೆ. ನೀವು ಕರೆ ಮಾಡುತ್ತಿರುವ ಚಂದಾದಾರರು ವ್ಯಾಪ್ತಿ ಪ್ರದೇಶದಿಂದ ಹೊರಗಿದ್ದಾರೆ. ಸೇತುವೆ ಕಟ್ಟಿದವನೂ, ಶಾಲೆ ಸೂರು ಹಾಕಿದವನೂ, ಇವನೂ, ಬಿಲ್ ಪಾಸಾದ ಮೇಲೆ ಎಲ್ಲರೂ ವ್ಯಾಪ್ತಿ ಪ್ರದೇಶದಿಂದ ಹೊರಗೆ. ಒಳಗಿರುವವರು ನಾವು, ವೈಪರ್ ಹಿಡಿದುಕೊಂಡು. ಸಾಕಾಗಿದೆ.

ಮೊನ್ನೆ ಭಾನುವಾರ ಆ 60 ರೂಪಾಯಿ ಮೇಸ್ತ್ರಿಯನ್ನೇ ಹುಡುಕಿಕೊಂಡು ಹೋಗಿ ಕರೆತಂದೆ. ಒಳಗೆ ಬಂದವರು ಸುಮ್ನೆ ಒಂದು ಸುತ್ತು ನೋಡಿದರು. “ಯಾರು ಸಾರ್ ಇದನ್ನ ಮಾಡಿದ್ದು?” ಅಂದರು. ಮೇಸ್ತ್ರಿಗಳೂ ಹಲ್ಲಿನ ಡಾಕ್ಟರೂ ಮೊದಲು ಕೇಳುವುದು ಇದನ್ನೇ. ನಾನು ಹಲ್ಲಿನ ಡಾಕ್ಟರ ಮುಂದೆ ಕೂತವನಂತೆಯೇ ಬಾಯಿ ತೆರೆದು ನಿಂತೆ. ಎಲ್ಲ ಒಡೆಯಬೇಕು, ಕಲ್ಲುಮಣ್ಣು ಸಾಗಿಸಬೇಕು, ರೇಟು ಈಗ 80 ಅಂದರು. ಆಗಲಿ ಅಂದೆ.

ಉಳಿ ತೆಗೆದು ಗೋಡೆಗೆ ಕೈ ಹಾಕಿದರು. ಉಳಿ ಬೇಕಾಗಲೇ ಇಲ್ಲ. ಟೈಲ್ಸ್ ಒಂದೊಂದೇ ಹಪ್ಪಳದಂತೆ ಎದ್ದು ಕೈಗೆ ಬಂದವು. ಎದುರುಗೋಡೆಯಲ್ಲಿ ಒಂದು ಮಾತ್ರ ಅಲ್ಲಾಡಲಿಲ್ಲ. ಉಳಿ ಇಟ್ಟು ಸುತ್ತಿಗೆಯಲ್ಲಿ ಹೊಡೆದರು, ಉಳಿಯ ಬಾಯಿ ಮುರಿಯಿತು. ಮೂಟೆಯ ಅಂಟೆಲ್ಲ ಅಲ್ಲೇ ಇತ್ತೋ ಏನೋ. ಅರ್ಧ ಗಂಟೆ ಗುದ್ದಾಡಿ, ಬೆವರು ಒರೆಸಿಕೊಂಡು, ಮೇಸ್ತ್ರಿ ನನ್ನ ಕಡೆ ತಿರುಗಿದರು.

“ಸಾರ್, ಈ ಬಾಲ ಇರಲಿ ಬಿಡಿ. ಇದೊಂದನ್ನ ಚೆನ್ನಾಗಿ ಹಾಕವ್ನೆ.”