ಬೆಣ್ಣೆ ಹಡಗೇರಿತು, ಸುಣ್ಣ ಮನೆಯಲ್ಲುಳಿಯಿತು

ಗೋಕುಲದ ಹೆಂಗಸರು ಕಡೆದು ತೆಗೆದ ಬೆಣ್ಣೆಯನ್ನೆಲ್ಲ ಗಡಿಗೆಗೆ ತುಂಬಿ ಮಥುರೆಯ ಪೇಟೆಗೆ ಹೊತ್ತೊಯ್ಯುತ್ತಿದ್ದರೆಂದೂ, ಮನೆಯ ಮಕ್ಕಳ ಪಾಲಿಗೆ ನೀರುಮಜ್ಜಿಗೆ ಮಾತ್ರ ಉಳಿಯುತ್ತಿತ್ತೆಂದೂ, ಅದನ್ನು ಸಹಿಸಲಾರದೆ ಯಶೋದೆಯ ಮಗ ನೆಲುವಿಗೆ ಕೈಹಾಕಿದನೆಂದೂ ನಮ್ಮೂರಿನ ಹರಿಕಥೆ ದಾಸರೊಬ್ಬರು ಹೇಳುತ್ತಿದ್ದರು. ಆ ಬಾಲಕನನ್ನು ನಾವು ಇಷ್ಟು ಕಾಲ ಕೈಮುಗಿದು ಕೊಂಡಾಡಿದ್ದೇವೆ. ಆದರೆ ನ್ಯೂಜಿಲೆಂಡಿನ ಅರ್ಥನೀತಿಯನ್ನು ಓದಿಕೊಂಡವರು ಅವನನ್ನು ರಫ್ತು ವಹಿವಾಟಿಗೆ ಕಲ್ಲು ಹಾಕಿದವನೆಂದೂ, ವಿದೇಶಿ ವಿನಿಮಯವನ್ನು ಬೆರಳಲ್ಲಿ ಬಳಿದು ಬಾಯಿಗಿಟ್ಟುಕೊಂಡ ಅಪರಾಧಿಯೆಂದೂ ಒಪ್ಪಿಕೊಳ್ಳಲೇಬೇಕಾಗುತ್ತದೆ.

ಆ ದೇಶದಲ್ಲಿ ಜನ ಸುಮಾರು 53 ಲಕ್ಷ, ಹಾಲು ಕರೆಯುವ ಹಸುಗಳು ಸುಮಾರು 47 ಲಕ್ಷ. ಕೈಗೂಸುಗಳನ್ನು ಸೇರಿಸಿ ಎಣಿಸಿದರೂ ತಲೆಗೆ ಹೆಚ್ಚುಕಡಿಮೆ ಒಂದು ಕರೆಯುವ ಹಸು. ಇಂಥ ಹಾಲುಹೊಳೆಯ ನಾಡಿನಲ್ಲಿ 2025ರ ಜೂನ್‌ನಲ್ಲಿ ಅರ್ಧ ಕಿಲೋ ಬೆಣ್ಣೆಯ ಸರಾಸರಿ ಬೆಲೆ 8 ನ್ಯೂಜಿಲೆಂಡ್ ಡಾಲರ್ 60 ಸೆಂಟ್ ಮುಟ್ಟಿತೆಂದೂ, ಅದು ಹಿಂದಿನ ಜೂನ್‌ಗಿಂತ ಶೇ 46ಕ್ಕೂ ಹೆಚ್ಚೆಂದೂ ಅಲ್ಲಿನ ಅಂಕಿಅಂಶ ಇಲಾಖೆ ತಿಳಿಸಿತು. ನಮ್ಮ ಲೆಕ್ಕದಲ್ಲಿ ಅದು ನಾನೂರು ರೂಪಾಯಿಗೂ ಮೇಲೆ. ತುಸು ಅಗ್ಗಕ್ಕೆ ಸಿಗುತ್ತದೆಂದು ಜನರು ಆಕ್ಲೆಂಡಿನ ಸಗಟು ಮಳಿಗೆಯೊಂದರ ಮುಂದೆ ಸಾಲುಗಟ್ಟಿದರು. ಅಂಗೈಯಲ್ಲಿ ಬೆಣ್ಣೆ ಇಟ್ಟುಕೊಂಡು ತುಪ್ಪಕ್ಕೆ ಊರೆಲ್ಲ ಅಲೆದವನನ್ನು ನಮ್ಮ ಹಿರಿಯರು ಗೇಲಿ ಮಾಡಿದ್ದರು. ಹಸುವನ್ನೇ ಹಿತ್ತಿಲಲ್ಲಿಟ್ಟುಕೊಂಡು ಬೆಣ್ಣೆಗೆ ಸಾಲು ನಿಲ್ಲುವವರನ್ನು ಅವರು ಕಂಡಿರಲಿಲ್ಲ.

ಕಾರಣ ಕೇಳಿದವರಿಗೆ ಪಂಡಿತರ ಉತ್ತರ ಸಿದ್ಧವಿದೆ. ದೇಶದ ಹಾಲಿನ ಉತ್ಪನ್ನದಲ್ಲಿ ಸುಮಾರು ಶೇ 95 ಭಾಗ ಹಡಗು ಹತ್ತುತ್ತದೆ; ಅದರ ಬೆಲೆಯನ್ನು ಎರಡು ವಾರಕ್ಕೊಮ್ಮೆ ನಡೆಯುವ ಜಾಗತಿಕ ಹರಾಜು ನಿರ್ಧರಿಸುತ್ತದೆ; ಹೊರಗಿನವನು ಕೊಡಲು ಸಿದ್ಧನಿರುವ ಬೆಲೆಗಿಂತ ಕಡಿಮೆಗೆ ಒಳಗಿನವನಿಗೆ ಮಾರುವುದು ವ್ಯಾಪಾರ ಧರ್ಮವಲ್ಲ. ಆದ್ದರಿಂದ ವೈಕಾಟೊ ಪ್ರಾಂತ್ಯದ ಹುಲ್ಲು ಮೇಯ್ದ ಹಸುವಿನ ಬೆಣ್ಣೆಯನ್ನು ಅದೇ ಪ್ರಾಂತ್ಯದಲ್ಲಿ, ಆ ಹಸುವಿನ ಅಂಬಾ ಕೇಳಿಸುವಷ್ಟು ಹತ್ತಿರದಲ್ಲಿ ಕೊಳ್ಳುವವನೂ ಶಾಂಘೈನ ಬೇಕರಿಯವನೊಂದಿಗೆ ಪೈಪೋಟಿಗಿಳಿಯಬೇಕು. ಹಡಗನ್ನೇ ಕಾಣದ ಬೆಣ್ಣೆಗೂ ಸಮುದ್ರ ದಾಟಿ ಬಂದ ಗತ್ತಿರುತ್ತದೆ.

ಜನರ ಗೊಣಗಾಟ ಹೆಚ್ಚಿದಾಗ, 2025ರ ಜುಲೈನಲ್ಲಿ ಹಣಕಾಸು ಸಚಿವೆ ನಿಕೋಲಾ ವಿಲ್ಲಿಸ್ ಅವರು ದೇಶದ ದೊಡ್ಡ ಹಾಲು ಸಹಕಾರ ಸಂಸ್ಥೆಯಾದ ಫಾಂಟೆರಾದ ಮುಖ್ಯಸ್ಥ ಮೈಲ್ಸ್ ಹರೆಲ್ ಅವರೊಂದಿಗೆ ಮಾತುಕತೆ ನಡೆಸಿದರು. ಸಚಿವೆಯವರು ರಾಜಕೀಯಕ್ಕೆ ಬರುವ ಮೊದಲು ಅದೇ ಸಂಸ್ಥೆಯಲ್ಲಿ ಉದ್ಯೋಗದಲ್ಲಿದ್ದವರಾದ ಕಾರಣ ದಾರಿ ಕೇಳುವ ಪ್ರಮೇಯ ಬರಲಿಲ್ಲವೆಂದು ಊಹಿಸಬಹುದು. ಬಾಗಿಲ ಹೊರಗೆ ಕಾದಿದ್ದ ರಾಷ್ಟ್ರಕ್ಕೆ ಕೊನೆಗೆ ದೊರೆತ ಸುದ್ದಿಯೆಂದರೆ, ಬೆಣ್ಣೆಯ ಬೆಲೆ ಏರಲು ಮುಖ್ಯ ಕಾರಣ ಬೆಣ್ಣೆಯ ಬೆಲೆ ಏರಿರುವುದು, ಅದೂ ಜಗತ್ತಿನಾದ್ಯಂತ. ಬೆಲೆ ಏರಿದರೆ ರೈತರಿಗೆ ಲಾಭ, ರೈತರಿಗೆ ಲಾಭವಾದರೆ ದೇಶಕ್ಕೆ ಲಾಭ ಎಂಬ ಸಮಾಧಾನವೂ ಜೊತೆಗಿತ್ತು. ಮೂಗಿಗೆ ತುಪ್ಪ ಸವರುವುದೆಂದು ನಾವು ಇದನ್ನು ಕರೆಯುವಂತಿಲ್ಲ. ಆ ದರದಲ್ಲಿ ಸವರಲು ತುಪ್ಪವೆಲ್ಲಿತ್ತು?

ನ್ಯಾಯವಾಗಿ ಹೇಳಬೇಕೆಂದರೆ ರೈತನೇನೂ ಕುಬೇರನಾಗಲಿಲ್ಲ. ಹಾಲಿನ ಘನಾಂಶಕ್ಕೆ, ಅಂದರೆ ಅದರಲ್ಲಿನ ಕೊಬ್ಬು ಮತ್ತು ಪ್ರೋಟೀನಿಗೆ, ಕಿಲೋಗೆ 10 ಡಾಲರ್ ಎಂಬ ದಾಖಲೆಯ ದರ ಸಿಕ್ಕಾಗ ಅವನು ಮೊದಲು ತೀರಿಸಹೊರಟದ್ದು ಬ್ಯಾಂಕಿನ ಸಾಲವನ್ನು, ಮತ್ತು ಅಲ್ಲಿನ ನಾಲ್ಕು ದೊಡ್ಡ ಬ್ಯಾಂಕುಗಳ ಒಡೆತನ ಇರುವುದು ಆಸ್ಟ್ರೇಲಿಯಾದವರ ಕೈಯಲ್ಲಿ. ಹೀಗೆ ಬೆಣ್ಣೆ ಚೀನಾಕ್ಕೂ ಬಡ್ಡಿ ಆಸ್ಟ್ರೇಲಿಯಾಕ್ಕೂ ಹೋದ ಮೇಲೆ ಸಗಣಿ ಮಾತ್ರ ಸಂಪೂರ್ಣ ಸ್ವದೇಶಿಯಾಗಿ ಉಳಿಯುತ್ತದೆ. ವರ್ಷದ ಕೊನೆಯಲ್ಲಿ ಜಾಗತಿಕ ಬೆಲೆ ಜಾರತೊಡಗಿ ಫಾಂಟೆರಾ ತನ್ನ ಹಾಲಿನ ದರದ ಅಂದಾಜನ್ನು 10 ಡಾಲರ್‌ನಿಂದ ಕೆಳಗಿಳಿಸಿದಾಗ ಸಾಲಿನಲ್ಲಿ ನಿಂತವರು ಸಂತೋಷಪಡಬೇಕಿತ್ತು. ಆದರೆ ಪತ್ರಿಕೆಗಳ ವಾಣಿಜ್ಯ ಪುಟಗಳಲ್ಲಿ ಸೂತಕದ ಛಾಯೆಯಿತ್ತು. ಬೆಣ್ಣೆ ತುಟ್ಟಿಯಾದರೆ ಪ್ರಜೆಗೆ ನಷ್ಟ, ಅಗ್ಗವಾದರೆ ದೇಶಕ್ಕೆ ನಷ್ಟ. ಪ್ರಜೆ ಮತ್ತು ದೇಶ ಇಬ್ಬರೂ ಒಂದೇ ದಿನ ನಗುವ ಬೆಲೆಯೊಂದನ್ನು ಆ ಹರಾಜಿನಲ್ಲಿ ಇನ್ನೂ ಯಾರೂ ಕೂಗಿಲ್ಲ.

ಈ ವ್ಯವಸ್ಥೆಯಲ್ಲಿ ಹಸುವಿಗಿರುವ ಸ್ಥಾನವನ್ನು ಗಮನಿಸಿದರೆ ನಮ್ಮ ಗೋಪೂಜೆ ತೀರಾ ಬಾಯಿಮಾತಿನದೆನಿಸುತ್ತದೆ. ಅಲ್ಲಿನ ಹಸಿರುಮನೆ ಅನಿಲಗಳಲ್ಲಿ ಸುಮಾರು ಅರ್ಧದಷ್ಟು ಕೃಷಿಯಿಂದಲೇ ಬರುತ್ತದೆ, ಅದರಲ್ಲಿ ಬಹುಪಾಲು ಜಾನುವಾರುಗಳ ತೇಗಿನ ಮೀಥೇನ್. ಇದರ ಸಂಶೋಧನೆಗೆಂದು ರೈತರಿಂದ ಒಂದಿಷ್ಟು ಶುಲ್ಕ ವಸೂಲು ಮಾಡಲು 2003ರಲ್ಲಿ ಹೆಲೆನ್ ಕ್ಲಾರ್ಕ್ ಸರ್ಕಾರ ಮುಂದಾದಾಗ, ಶೇನ್ ಆರ್ಡರ್ನ್ ಎಂಬ ಸಂಸದರು ಮರ್ಟಲ್ ಎಂಬ ಹೆಸರಿನ ಹಳೆಯ ಟ್ರ್ಯಾಕ್ಟರನ್ನು ಸಂಸತ್ ಭವನದ ಮೆಟ್ಟಿಲ ಮೇಲೆಯೇ ಹತ್ತಿಸಿದರು. ಶುಲ್ಕ ಮೆಟ್ಟಿಲಿಳಿದು ಹೊರಟೇ ಹೋಯಿತು. 2022ರಲ್ಲಿ ಜೆಸಿಂಡಾ ಆರ್ಡರ್ನ್ ಸರ್ಕಾರ ತೇಗಿಗೆ ಬೆಲೆ ಕಟ್ಟುವ ಯೋಜನೆಯನ್ನು ಮತ್ತೆ ಹೊರತೆಗೆಯಿತು. ಟ್ರ್ಯಾಕ್ಟರುಗಳು ಮತ್ತೆ ಬೀದಿಗಿಳಿದವು. ಈಗಿನ ಸರ್ಕಾರವು 2025ರ ಅಕ್ಟೋಬರ್‌ನಲ್ಲಿ ಮೀಥೇನ್ ತೆರಿಗೆಯೇ ಇಲ್ಲವೆಂದು ಸಾರಿ, 2050ರೊಳಗೆ ಶೇ 24ರಿಂದ 47ರಷ್ಟು ಇಳಿಸಬೇಕಿದ್ದ ಗುರಿಯನ್ನೇ ಶೇ 14ರಿಂದ 24ಕ್ಕೆ ಇಳಿಸಿ, ಇಳಿಸುವ ವಿಷಯದಲ್ಲಿ ತನ್ನ ಬದ್ಧತೆಯನ್ನು ಮೆರೆಯಿತು.

ಇತ್ತ ಅದೇ ದೇಶದಲ್ಲಿ ಅಂಗಡಿಯ ಆಹಾರ ಪದಾರ್ಥಗಳ ಮೇಲೆ ವಿನಾಯಿತಿಯಿಲ್ಲದೆ ಶೇ 15 ಸರಕು ಸೇವಾ ತೆರಿಗೆ ಇದೆ. ಬೆಣ್ಣೆಗೂ ಇದೆ, ಬೆಣ್ಣೆ ಸವರುವ ಬ್ರೆಡ್ಡಿಗೂ ಇದೆ. ಹಸು ಉಂಡು ತೇಗಿದರೆ ತೆರಿಗೆಯಿಲ್ಲ. ಮಗು ತೇಗಬೇಕಾದರೆ ಮೊದಲು ಶೇ 15 ಕಟ್ಟಿ ಉಣ್ಣಬೇಕು. ಮಕ್ಕಳ ಪರವಾಗಿ ಮೆಟ್ಟಿಲು ಹತ್ತಲು ಯಾರ ಬಳಿಯೂ ಟ್ರ್ಯಾಕ್ಟರ್ ಇದ್ದಂತಿಲ್ಲ.

ಬೆಣ್ಣೆ ಹೋದರೆ ಹೋಗಲಿ, ಅದರ ಹೆಸರಾದರೂ ಮನೆಯಲ್ಲಿ ಉಳಿಯಬಹುದೆಂದು ಕೆಲವರು ನಂಬಿದ್ದರು. ವೈಕಾಟೊದಲ್ಲಿ 1886ರಲ್ಲಿ ಹುಟ್ಟಿದ ಆಂಕರ್ ಎಂಬ ಬ್ರ್ಯಾಂಡನ್ನೂ ಮೇನ್‌ಲ್ಯಾಂಡ್ ಮುಂತಾದವುಗಳನ್ನೂ ಫ್ರಾನ್ಸಿನ ಲ್ಯಾಕ್ಟಲಿಸ್ ಕಂಪನಿಗೆ ಮಾರುವ ಪ್ರಸ್ತಾಪಕ್ಕೆ 2025ರ ಅಕ್ಟೋಬರ್‌ನಲ್ಲಿ ಫಾಂಟೆರಾದ ರೈತ ಸದಸ್ಯರು ಶೇ 88ರಷ್ಟು ಮತಗಳಿಂದ ಒಪ್ಪಿಗೆ ಕೊಟ್ಟರು. ಆಂಕರ್ ಎಂದರೆ ಲಂಗರು. ಲಂಗರನ್ನೇ ಮಾರಿದ ಹಡಗು ಎತ್ತ ಸಾಗುತ್ತದೆಂಬ ಚರ್ಚೆಯನ್ನು 2026ರ ಚುನಾವಣೆಗೆಂದು ಕಾದಿರಿಸಲಾಗಿದೆ.

ಇಷ್ಟಾದರೂ ರಾಜಧಾನಿ ವೆಲ್ಲಿಂಗ್ಟನ್‌ನ ಒಂದು ಬಣಕ್ಕೆ ನಿಜವಾದ ಸಂಕಟವಿರುವುದು ನಮ್ಮ ಬಾಯಿಯ ಬಗ್ಗೆ. ಭಾರತದೊಂದಿಗಿನ ಮುಕ್ತ ವ್ಯಾಪಾರ ಒಪ್ಪಂದದ ಮಾತುಕತೆ 2025ರ ಡಿಸೆಂಬರ್‌ನಲ್ಲಿ ಮುಗಿದಾಗ, ಹಾಲು, ಬೆಣ್ಣೆ, ಚೀಸುಗಳಿಗೆ ಭಾರತ ಬಾಗಿಲು ತೆರೆಯಲಿಲ್ಲವೆಂದು ನ್ಯೂಜಿಲೆಂಡ್ ಸರ್ಕಾರದ ವಿದೇಶಾಂಗ ಸಚಿವ ವಿನ್‌ಸ್ಟನ್ ಪೀಟರ್ಸ್ ಅವರೇ ಒಪ್ಪಂದವನ್ನು ವಿರೋಧಿಸಿದರು. ಮಂಡ್ಯ, ಹಾಸನದ ಕಡೆ ಎರಡು ಹಸು ಕಟ್ಟಿಕೊಂಡು ಬೆಳಿಗ್ಗೆ ಕ್ಯಾನು ಹಿಡಿದು ಡೇರಿಗೆ ನಡೆಯುವವರು ನಿಟ್ಟುಸಿರು ಬಿಟ್ಟರು. ಅತ್ತ, ತಮ್ಮ ಮಕ್ಕಳಿಗೆ ಎಟುಕದ ಬೆಣ್ಣೆ ಬೆಂಗಳೂರಿನ ದೋಸೆಯನ್ನೂ ತಲುಪದೆ ಹೋಯಿತಲ್ಲ ಎಂಬ ವೆಲ್ಲಿಂಗ್ಟನ್ನಿನ ಆ ಬಣದ ಕೊರಗಿನಲ್ಲಿರುವ ವಿಶ್ವಬಂಧುತ್ವಕ್ಕೆ ನಾವು ತಲೆಬಾಗಬೇಕು.

ವೈಕಾಟೊದ ಹ್ಯಾಮಿಲ್ಟನ್‌ನಲ್ಲಿ ನೆಲೆಸಿರುವ ನಮ್ಮ ಅತ್ತಿಗೆಯವರು ಹಿಂದೆ ತಿಂಗಳಿಗೊಮ್ಮೆ ಉಪ್ಪಿಲ್ಲದ ಬೆಣ್ಣೆಯ ನಾಲ್ಕು ಕಟ್ಟು ತಂದು, ದಪ್ಪ ತಳದ ಪಾತ್ರೆಯಲ್ಲಿ ಕಾಯಿಸಿ, ನೊರೆ ಅಡಗಿ ಗಸಿ ಕಂದು ಬಣ್ಣಕ್ಕೆ ತಿರುಗುವ ಹೊತ್ತಿಗೆ ನಾಲ್ಕು ಎಸಳು ಕರಿಬೇವು ಹಾಕಿ ಇಳಿಸುತ್ತಿದ್ದರು. ಕಳೆದ ಗೋಕುಲಾಷ್ಟಮಿಯ ರಾತ್ರಿ ವಿಡಿಯೊ ಕರೆಯಲ್ಲಿ ಅವರ ಮನೆಯ ಪೂಜೆ ನೋಡಿದೆ. ಬೆಳ್ಳಿ ಬಟ್ಟಲಿನಲ್ಲಿ ದೊಡ್ಡ ಅಡಿಕೆ ಗಾತ್ರದ ಬೆಣ್ಣೆಯಿತ್ತು. ಮಂಗಳಾರತಿ ಮುಗಿದ ಕೂಡಲೇ ಅವರು ಉಳಿದ ಕಟ್ಟನ್ನು ಕಾಗದ ಸಮೇತ ಮಡಚಿ, ಮಗನ ಕೈಗೆಟುಕದಂತೆ ಫ್ರಿಜ್ಜಿನ ಮೇಲಿನ ಅರೆಯಲ್ಲಿಟ್ಟು, ದೇವರ ಪಟದ ಕಡೆಗೂ ಒಮ್ಮೆ ಅನುಮಾನದಿಂದ ನೋಡಿ ಬಾಗಿಲು ಹಾಕಿದರು.