ಕಡಲು ನೋಡುವ ಜಾಗ ಬೇರೆ, ಮೀನು ತಿನ್ನುವ ಜಾಗ ಬೇರೆ

ದಸರಾ ಮುಗಿದು ಜಂಬೂಸವಾರಿಯ ಜನಜಂಗುಳಿ ಕರಗುತ್ತಿದ್ದಂತೆಯೇ ನಮ್ಮ ಮೈಸೂರಿನ ಮನೆಗಳಲ್ಲಿ ಕರಾವಳಿ ಪ್ರವಾಸದ ಮಾತು ಶುರುವಾಗುತ್ತದೆ. ಟೆಂಪೋ ಟ್ರಾವೆಲರ್ ಗೊತ್ತುಮಾಡುವ ಹೊಣೆ ಒಬ್ಬರದು, ನೋಡಬೇಕಾದ ಸ್ಥಳಗಳ ಪಟ್ಟಿ ಬರೆಯುವುದು ಇನ್ನೊಬ್ಬರದು. ಸೋಮೇಶ್ವರ, ಪಣಂಬೂರು, ಕಾಪು, ಮಲ್ಪೆ, ಮರವಂತೆ, ಮುರುಡೇಶ್ವರ, ಗೋಕರ್ಣ ಎಲ್ಲವೂ ಆ ಪಟ್ಟಿಯಲ್ಲಿರುತ್ತವೆ. ಮಧ್ಯಾಹ್ನದ ಊಟ ಎಲ್ಲಿ ಎಂಬುದೊಂದು ಮಾತ್ರ ಇರುವುದಿಲ್ಲ. ಕೇಳಿದರೆ, "ದಾರೀಲಿ ಎಲ್ಲಾದ್ರೂ ಸಿಗುತ್ತೆ ಬಿಡಿ" ಎಂಬ ಉತ್ತರ ಸಿದ್ಧವಾಗಿರುತ್ತದೆ. ಹೀಗೆ ಹೊರಟವರು ಮೂರು ಗಂಟೆಯ ಹೊತ್ತಿಗೆ ಹಸಿದು, ಸಮುದ್ರ ಕಾಣುತ್ತದೆಂಬ ಒಂದೇ ಕಾರಣಕ್ಕೆ ಯಾವುದೋ ಹೋಟೆಲಿಗೆ ನುಗ್ಗಿ, ಕನ್ನಡದ ಕರಾವಳಿಯಲ್ಲಿ ಕುಳಿತು ಗೋಬಿ ಮಂಚೂರಿ ತಿಂದು ಬರುತ್ತಾರೆ.

ಕರಾವಳಿಗೆ ಹೋಗುವವರು ಮೊದಲು ಊಟದ ಊರನ್ನು ನಿಶ್ಚಯಿಸಿಕೊಳ್ಳಬೇಕು, ಆಮೇಲೆ ಅದರ ಆಚೀಚೆ ತಾಣಗಳನ್ನು ಜೋಡಿಸಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಅದಕ್ಕಿಂತಲೂ ಗಟ್ಟಿಯಾದ ಅಭಿಪ್ರಾಯವೆಂದರೆ, ಅಲೆ ಕಾಣುವ ಮೇಜಿನಲ್ಲಿ ಊಟಕ್ಕೆ ಕೂರಬಾರದು. ಅಲ್ಲಿಗೆ ಬರುವವರಲ್ಲಿ ಹೆಚ್ಚಿನವರು ನಮ್ಮಂತೆ ಒಮ್ಮೆ ಬಂದು ಹೋಗುವವರಾದ್ದರಿಂದ, ಇವತ್ತಿನ ಮೀನು ನಿನ್ನೆಯದಾಗಿದ್ದರೂ ನಾಳೆ ಜಗಳಕ್ಕೆ ಬರುವವರು ಯಾರೂ ಇರುವುದಿಲ್ಲ. ಬಸ್ ನಿಲ್ದಾಣದ ಹಿಂದೆಯೋ ಬಂದರಿನ ರಸ್ತೆಯಲ್ಲೋ ಇರುವ ಊರೊಳಗಿನ ಹೋಟೆಲಿಗೆ ಬರುವವರು ಕಚೇರಿಯ ನೌಕರರು, ಆಟೋ ಚಾಲಕರು, ಬಂದರಿನಲ್ಲಿ ದುಡಿಯುವವರು. ದಿನವೂ ಮೀನು ತಿನ್ನುವ ಆ ಬಾಯಿಗಳನ್ನು ಮೋಸಗೊಳಿಸಿ ಹೋಟೆಲು ನಡೆಸುವುದು ಯಾರಿಗೂ ಸಾಧ್ಯವಿಲ್ಲ.

ಇಂಥ ಹಲವು ಹೋಟೆಲುಗಳಲ್ಲಿ ಊಟದ ತಟ್ಟೆಯಲ್ಲಿ ಅನ್ನ, ಮೀನಿನ ಸಾರು, ಒಂದು ಪಲ್ಯ, ಉಪ್ಪಿನಕಾಯಿ ಬರುತ್ತವೆ. ಹುರಿದ ಮೀನು ಪ್ರತ್ಯೇಕ. ಮಸಾಲೆ ಹಚ್ಚಿಟ್ಟ ಕಾಣೆ, ಅಂಜಲ್, ಬಂಗುಡೆ, ನಂಗುಗಳ ತಟ್ಟೆಯನ್ನೇ ಬಡಿಸುವವರು ಎದುರಿಗೆ ತಂದು ಹಿಡಿದಾಗ, ಬೇಕಾದದ್ದನ್ನು ಬೆರಳಿಟ್ಟು ತೋರಿಸಬೇಕು. ಅಂಜಲ್‌ನಂಥ ದೊಡ್ಡ ಮೀನಿಗೆ ಗಾತ್ರ ನೋಡಿ ದರ ಹೇಳುವುದುಂಟು. ಆದ್ದರಿಂದ ತೋರಿಸುವ ಮುನ್ನ ದರ ಕೇಳುವುದಕ್ಕೆ ಸಂಕೋಚ ಬೇಡ, ಅಲ್ಲಿನವರೂ ಕೇಳುತ್ತಾರೆ. ಹೊಸಬರು ಎಲ್ಲರೂ ಅಂಜಲ್ ಕಡೆಗೇ ಕೈ ತೋರಿಸುತ್ತಾರೆ, ಮುಳ್ಳು ಕಡಿಮೆ ಎಂದು. ನನ್ನ ಮಟ್ಟಿಗೆ ರುಚಿ ಇರುವುದು ಅಗ್ಗದ ಬಂಗುಡೆಯಲ್ಲಿ, ಅದೂ ಹುಳಿ-ಖಾರದ ಮಸಾಲೆಯಲ್ಲಿ ಬೇಯಿಸುವ ಪುಳಿಮುಂಚಿಯಲ್ಲಿ. ಜೊತೆಗೆ ನೀರುದೋಸೆ ಇದ್ದರೆ ಬೇರೆ ಮಾತೇ ಇಲ್ಲ.

ಮಂಡ್ಯ ಕಡೆಯ ನಮ್ಮ ಮಾವನವರಿಗೆ ಕೆರೆ ಮೀನು ಬಿಟ್ಟರೆ ಬೇರೆ ಮೀನು ಮೀನೇ ಅಲ್ಲ. ಕುಚ್ಚಲಕ್ಕಿಯ ದಪ್ಪ ಅಗುಳು ನೋಡಿ, "ಅನ್ನ ಇನ್ನೂ ಬೆಂದಿಲ್ಲ ಕಣಪ್ಪಾ, ವಾಪಸ್ ಕಳ್ಸು" ಎಂದು ಅವರು ಪಟ್ಟು ಹಿಡಿದದ್ದುಂಟು. ಬೆಳ್ತಿಗೆ ಅನ್ನ ಎಂದು ಕೇಳಿದರೆ ನಾವು ಮನೆಯಲ್ಲಿ ಉಣ್ಣುವಂಥ ಬಿಳಿ ಅನ್ನವನ್ನೇ ಬಡಿಸುತ್ತಾರೆ. ಆದರೆ ಆ ಖಾರದ ಸಾರನ್ನು ತಡೆದುಕೊಳ್ಳುವ ಶಕ್ತಿ ಕುಚ್ಚಲಕ್ಕಿಗೇ ಇರುವುದು.

ಕಾಲವನ್ನೂ ನೋಡಿಕೊಳ್ಳಬೇಕು. ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ, ಒಟ್ಟು 61 ದಿನ, ಮೀನು ಮರಿಮಾಡುವ ಕಾಲವೆಂದು ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ನಿಷೇಧವಿರುತ್ತದೆ. ಆ ತಿಂಗಳುಗಳಲ್ಲಿ ನಾಡದೋಣಿಯವರು ತಂದಷ್ಟೇ ತಾಜಾ ಮೀನು. ಮಿಕ್ಕದ್ದು ಹೊರಗಿನಿಂದ ಬಂದದ್ದೋ ಮಂಜುಗಡ್ಡೆಯಲ್ಲಿ ಕಾದದ್ದೋ ಆಗಿರುವ ಸಂಭವವೇ ಹೆಚ್ಚು. ಮಳೆಗಾಲದಲ್ಲಿ ಹೋದವರು ಮೀನಿನ ಹಿಂದೆ ಬೀಳುವ ಬದಲು ಕೆಸುವಿನೆಲೆಯ ಪತ್ರೊಡೆ ಎಲ್ಲಿ ಸಿಗುತ್ತದೆಂದು ವಿಚಾರಿಸುವುದು ಲೇಸು.

ಸಸ್ಯಾಹಾರಿಗಳಿಗೆ ಉಡುಪಿ ಇದ್ದೇ ಇದೆ. ಮಟ್ಟುಗುಳ್ಳದ ಕಾಲವಾಗಿದ್ದರೆ ಅದರ ಹುಳಿಯನ್ನು ಬಿಡಬಾರದು. ನಮ್ಮ ನಂಜನಗೂಡಿನ ರಸಬಾಳೆಯ ಹಾಗೆಯೇ ಜಿಐ (ಭೌಗೋಳಿಕ ಗುರುತು) ಮಾನ್ಯತೆ ಪಡೆದಿರುವ ಈ ಬದನೆಯ ಬೀಜವನ್ನು ವಾದಿರಾಜರು ಕೊಟ್ಟರೆಂಬುದು ಆ ಊರಿನ ನಂಬಿಕೆ. ಮಕ್ಕಳಿದ್ದರೆ ಸಂಜೆಗೆ ಗೋಳಿಬಜೆ, ಆಮೇಲೆ ಗಡ್‌ಬಡ್ ಐಸ್‌ಕ್ರೀಂ.

ಇನ್ನು ತಾಣಗಳು. ಹನ್ನೆರಡರಿಂದ ನಾಲ್ಕರವರೆಗೆ ಕರಾವಳಿಯ ಮರಳಿನ ಮೇಲೆ ನಿಲ್ಲುವುದು ಬಾಣಲೆಯ ಮೇಲೆ ನಿಂತಂತೆ. ಆ ಹೊತ್ತನ್ನು ಊಟಕ್ಕೂ ಒಂದು ಕೋಳಿನಿದ್ದೆಗೂ ಕೊಟ್ಟುಬಿಟ್ಟರೆ ಬೆಳಗ್ಗೆ, ಸಂಜೆ ಎರಡೂ ಕಡಲಿಗೇ ಉಳಿಯುತ್ತವೆ. ಮಲ್ಪೆಯಿಂದ ದೋಣಿಯಲ್ಲಿ ತಲುಪುವ ಸೇಂಟ್ ಮೇರೀಸ್ ದ್ವೀಪಕ್ಕೆ ಬೆಳಗಿನ ಹೊತ್ತೇ ಸರಿ. ಅಲ್ಲಿನ ಕಂಬಗಳಂಥ ಕಲ್ಲುಗಳು ಕೋಟ್ಯಂತರ ವರ್ಷಗಳ ಹಿಂದೆ, ಮಡಗಾಸ್ಕರ್ ನಮ್ಮ ಭೂಭಾಗದಿಂದ ಬೇರ್ಪಡುತ್ತಿದ್ದ ಕಾಲದಲ್ಲಿ, ಉಕ್ಕಿದ ಲಾವಾ ತಣ್ಣಗಾಗಿ ಸೀಳಿದಾಗ ಮೂಡಿದವು. ಇದನ್ನು ತಿಳಿದು ನೋಡುವುದಕ್ಕೂ ಬರಿದೇ ಸೆಲ್ಫಿ ತೆಗೆದು ಬರುವುದಕ್ಕೂ ವ್ಯತ್ಯಾಸವಿದೆ. ಮಳೆಗಾಲದಲ್ಲಿ ದೋಣಿ ಇರುವುದಿಲ್ಲ ಎಂಬುದು ನೆನಪಿರಲಿ. ಕಾಪುವಿಗೆ ಸಂಜೆಯೇ ಹೋಗಬೇಕು. 1901ರಲ್ಲಿ ಕಟ್ಟಿದ ದೀಪಸ್ತಂಭ ನಿಂತಿರುವ ಬಂಡೆಯ ಮೇಲೆ ಕುಳಿತರೆ ಸೂರ್ಯ ಮುಳುಗುವವರೆಗೆ ಏಳಲು ಮನಸ್ಸಾಗುವುದಿಲ್ಲ. ಮರವಂತೆಯಲ್ಲಿ ಹೆದ್ದಾರಿಯ ಒಂದು ಬದಿಗೆ ಅರಬ್ಬೀ ಸಮುದ್ರ, ಇನ್ನೊಂದು ಬದಿಗೆ ಸೌಪರ್ಣಿಕಾ ನದಿ. ರಸ್ತೆಯ ಮೇಲೆಯೇ ಗಾಡಿ ನಿಲ್ಲಿಸಿ ಫೋಟೋಕ್ಕೆ ನಿಲ್ಲುವವರನ್ನು ಕಂಡರೆ ನನಗೆ ಎದೆ ನಡುಗುತ್ತದೆ. ಬದಿಗೆ ನಿಲ್ಲಿಸಿ, ಅರ್ಧ ಗಂಟೆ ನೋಡಿ, ಊಟಕ್ಕೆ ಕುಂದಾಪುರಕ್ಕೆ ಹೋಗುವುದು ಕ್ಷೇಮ. ಕೋಳಿ ಘೀ ರೋಸ್ಟ್‌ನ ತವರೂರು ಅದು.

ಮೊದಲ ದಿನದ ಲೆಕ್ಕ ಸುಲಭ. ಮಡಿಕೇರಿ, ಸಂಪಾಜೆ ಮಾರ್ಗವಾಗಿ ಮಂಗಳೂರಿಗೆ ಸುಮಾರು 250 ಕಿಲೋಮೀಟರ್. ಬೆಳಗ್ಗೆ ಐದಕ್ಕೆ ಮೈಸೂರು ಬಿಟ್ಟರೆ, ತಿಂಡಿಗೆ ನಿಂತರೂ, ಹನ್ನೆರಡೂವರೆಯೊಳಗೆ ಬಡಿಸುವವರ ಎದುರು ಕುಳಿತಿರಬಹುದು. ಎರಡು ದಾಟಿದರೆ ಒಳ್ಳೆಯ ಮೀನು ಖಾಲಿಯಾಗಿರುತ್ತದೆ. ಆದ್ದರಿಂದ ಮಡಿಕೇರಿಯ ರಾಜಾಸೀಟಿನಲ್ಲಿ ಇಳಿಯುವ ಆಸೆಯನ್ನು ಮರಳಿ ಬರುವ ದಿನಕ್ಕೆ ಇಟ್ಟುಕೊಳ್ಳಿ.